‘ಅನುದಿನದ ಆಹಾರ’ದ ಹಿಂದಿರುವ ಗ್ರೀಕ್ ಪದ: ಎಪಿಯೂಸಿಯೊಸ್ ಅನ್ನು ಹಂತಹಂತವಾಗಿ ಓದುವ ಬಗೆ

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದವರಿಗೆ ‘ಅನುದಿನದ ಆಹಾರ’ ಎಂಬ ಮಾತಿನಲ್ಲಿ ತೊಡಕೇನೂ ಕಾಣುವುದಿಲ್ಲ. ನನಗೂ ಬಹಳ ವರ್ಷ ಕಂಡಿರಲಿಲ್ಲ. ಅಜ್ಜಿ ಹೇಳಿಕೊಟ್ಟಂತೆ ಹೇಳಿಕೊಂಡು ಬಂದಿದ್ದೆ. ಒಂದು ಸಂಜೆ ನಮ್ಮ ಬೈಬಲ್ ಅಧ್ಯಯನ ಕೂಟದಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಎದ್ದು ನಿಂತು, ‘ಅಣ್ಣಾ, ಲೂಕನಲ್ಲಿ ಅನುದಿನದ ಆಹಾರವನ್ನು ದಿನಾಲೂ ಕೊಡು ಅಂತ ಇದೆಯಲ್ಲ, ಒಂದೇ ಮಾತನ್ನು ಎರಡು ಸಲ ಯಾಕೆ ಹೇಳಬೇಕು?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತಾ ಹೋದಾಗ ಸಿಕ್ಕ ಪದವೇ ಎಪಿಯೂಸಿಯೊಸ್.

ಗ್ರೀಕ್ ಕಲಿಯದವರೂ ಒಂದು ಗ್ರೀಕ್ ಪದದ ಅರ್ಥವನ್ನು ಪ್ರಾಮಾಣಿಕವಾಗಿ ಹೇಗೆ ಹುಡುಕಬಹುದು ಎಂಬುದನ್ನು ಈ ಒಂದೇ ಪದದ ಬೆನ್ನು ಹಿಡಿದು ತೋರಿಸುತ್ತೇನೆ. ಕೈಯಲ್ಲಿ ಕನ್ನಡ ಸತ್ಯವೇದ, ಒಂದು ನೋಟುಪುಸ್ತಕ, ಇಂಟರ್ನೆಟ್ ಇರುವ ಮೊಬೈಲ್ ಇದ್ದರೆ ಸಾಕು.

ಮೊದಲು ಕನ್ನಡದಲ್ಲೇ ನಿಧಾನವಾಗಿ ಓದಿ

ಗ್ರೀಕ್‌ಗೆ ಹಾರುವ ಆತುರ ಬೇಡ. ಮತ್ತಾಯ 6:11 ಮತ್ತು ಲೂಕ 11:3 ಎರಡನ್ನೂ ತೆರೆದಿಡಿ. ಮತ್ತಾಯನ ಪ್ರಾರ್ಥನೆ ‘ಈಹೊತ್ತು’ ಕೊಡು ಎನ್ನುತ್ತದೆ, ಲೂಕನದು ‘ಪ್ರತಿದಿನವೂ’ ಕೊಡುತ್ತಿರು ಎಂಬ ಅರ್ಥದ್ದು. ಕೊಡಬೇಕಾದ ಆಹಾರಕ್ಕೆ ಮಾತ್ರ ಎರಡೂ ಕಡೆ ಒಂದೇ ವಿಶೇಷಣ. ಇಷ್ಟನ್ನು ನೋಟಿನಲ್ಲಿ ಬರೆದುಕೊಳ್ಳಿ. ನಿಮ್ಮ ಬಳಿ ಎರಡು ಮೂರು ಕನ್ನಡ ಅನುವಾದಗಳಿದ್ದರೆ, ಅವುಗಳಲ್ಲಿ ಎಲ್ಲಿ ಮಾತು ಬದಲಾಗಿದೆ ಎಂದು ಗೆರೆ ಎಳೆಯಿರಿ. ಅನುವಾದಗಳು ಒಂದಕ್ಕೊಂದು ಹೊಂದದ ಜಾಗದಲ್ಲೇ ಮೂಲದಲ್ಲಿ ಏನೋ ಗಟ್ಟಿಯಾದದ್ದು ಇರುತ್ತದೆ. ಇಲ್ಲಿ ಮಾತ್ರ ಹೆಚ್ಚಿನವು ಹೊಂದುತ್ತವೆ, ಆದರೂ ಗಂಟು ಇದೆ. ಅದನ್ನು ಹಿಡಿಯಲು ಆ ಹುಡುಗಿಯ ಹಾಗೆ ಅನುಮಾನ ಪಡಬೇಕು.

ಗ್ರೀಕ್ ಪದವನ್ನು ಪತ್ತೆ ಹಚ್ಚುವುದು

ಬೈಬಲ್ ಹಬ್, ಸ್ಟೆಪ್ ಬೈಬಲ್ ಮೊದಲಾದ ಉಚಿತ ತಾಣಗಳಲ್ಲಿ ಗ್ರೀಕ್ ಸಾಲು, ಅದರ ಪ್ರತಿ ಪದದ ಕೆಳಗೆ ಅರ್ಥ, ಜೊತೆಗೊಂದು ಸಂಖ್ಯೆ ಸಿಗುತ್ತದೆ. ಇದು ಸ್ಟ್ರಾಂಗ್ ಸಂಖ್ಯೆ. ಜೇಮ್ಸ್ ಸ್ಟ್ರಾಂಗ್ ಅವರು 1890ರಲ್ಲಿ ಹೊರತಂದ ಪದಸೂಚಿಯಿಂದ ಬಂದದ್ದು. ಗ್ರೀಕ್ ಅಕ್ಷರ ಓದಲು ಬಾರದವರಿಗೆ ಈ ಸಂಖ್ಯೆಯೇ ಊರುಗೋಲು.

ಮತ್ತಾಯ 6:11ರ ಗ್ರೀಕ್ ಸಾಲನ್ನು ಕನ್ನಡ ಲಿಪಿಯಲ್ಲಿ ಹೀಗೆ ಬರೆಯಬಹುದು: ‘ತೊನ್ ಅರ್ತೊನ್ ಹೇಮೋನ್ ತೊನ್ ಎಪಿಯೂಸಿಯೊನ್ ದೊಸ್ ಹೇಮೀನ್ ಸೇಮೆರೊನ್.’ ಅರ್ತೊಸ್ ಎಂದರೆ ರೊಟ್ಟಿ, ಹೇಮೋನ್ ಎಂದರೆ ನಮ್ಮ, ದೊಸ್ ಎಂದರೆ ಕೊಡು, ಹೇಮೀನ್ ಎಂದರೆ ನಮಗೆ, ಸೇಮೆರೊನ್ ಎಂದರೆ ಇಂದು. ಉಳಿದದ್ದು ಎಪಿಯೂಸಿಯೊನ್. ಎಪಿಯೂಸಿಯೊಸ್ ಎಂಬುದೇ ಇಲ್ಲಿ ವಿಭಕ್ತಿಗೆ ತಕ್ಕಂತೆ ರೂಪ ಬದಲಿಸಿಕೊಂಡಿದೆ. ಅದರ ಸಂಖ್ಯೆ 1967.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅರ್ತೊಸ್ ಐದು ರೊಟ್ಟಿ ಎರಡು ಮೀನಿನ ಕಥೆಯಲ್ಲಿ ಬರುವ ಅದೇ ರೊಟ್ಟಿ. ನಮ್ಮವರು ಈ ಪ್ರಾರ್ಥನೆಯಲ್ಲಿ ‘ಆಹಾರ’ ಎಂದು ಮಾಡಿಕೊಂಡದ್ದು ಸರಿಯಾಗಿಯೇ ಇದೆ. ಹೀಬ್ರೂವಿನ ‘ಲೆಹೆಮ್’ ಕೂಡ ರೊಟ್ಟಿಯನ್ನೂ ಒಟ್ಟು ಊಟವನ್ನೂ ಹೇಳುವ ಪದ. ಅನ್ನ, ಮುದ್ದೆ ತಿನ್ನುವವರು ಪ್ರಾರ್ಥನೆಯಲ್ಲಿ ರೊಟ್ಟಿ ಕೇಳಬೇಕಾಗಿಲ್ಲ.

ಇನ್ನೆಲ್ಲಿ ಬಳಸಿದ್ದಾರೆ?

ಸಂಖ್ಯೆಯನ್ನು ಒತ್ತಿದರೆ ಆ ಪದ ಬರುವ ವಚನಗಳ ಪಟ್ಟಿ ತೆರೆಯುತ್ತದೆ. ಪದದ ಅರ್ಥ ಬಳಕೆಯಲ್ಲಿರುತ್ತದೆ. ಆದ್ದರಿಂದ ನಿಘಂಟನ್ನು ತೆರೆಯುವ ಮೊದಲು ಈ ಪಟ್ಟಿಯನ್ನು ಓದುವ ಅಭ್ಯಾಸ ಒಳ್ಳೆಯದು. ಅಗಾಪೆ (ಪ್ರೀತಿ), ಪಿಸ್ತಿಸ್ (ನಂಬಿಕೆ) ಇಂಥ ಪದಗಳಿಗೆ ನೂರಾರು ವಚನಗಳು ಬರುತ್ತವೆ. ಎಪಿಯೂಸಿಯೊಸ್‌ಗೆ ಬರುವುದು ಎರಡೇ, ಅದೂ ಒಂದೇ ಪ್ರಾರ್ಥನೆಯ ಎರಡು ರೂಪಗಳು. ಹೊಸ ಒಡಂಬಡಿಕೆಯ ಹೊರಗೆ, ಆದಿ ಕ್ರೈಸ್ತರ ಬರಹವಾದ ದಿದಾಖೆಯ 8ನೇ ಅಧ್ಯಾಯದಲ್ಲೂ ಇದೆ. ಅಲ್ಲಿರುವುದೂ ಇದೇ ಪ್ರಾರ್ಥನೆ.

ಹೋಮರನಿಂದ ಹಿಡಿದು ಬರೆದ ಗ್ರೀಕರ ಅಷ್ಟು ದೊಡ್ಡ ಸಾಹಿತ್ಯದಲ್ಲಿ ಇದಕ್ಕಿಂತ ಮೊದಲು ಈ ಪದ ಸಿಗುವುದಿಲ್ಲ. ಇದನ್ನು ನಾವು ಹೊಸದಾಗಿ ಕಂಡುಕೊಂಡಿಲ್ಲ. ಮೂರನೇ ಶತಮಾನದ ಕ್ರೈಸ್ತ ಪಂಡಿತ ಓರಿಜೆನ್ ಪ್ರಾರ್ಥನೆಯ ಕುರಿತ ತನ್ನ ಬರಹದಲ್ಲೇ ಹೇಳಿದ್ದಾನೆ: ಈ ಪದವನ್ನು ಗ್ರೀಕ್ ವಿದ್ವಾಂಸರು ಯಾರೂ ಬಳಸಿಲ್ಲ, ಜನರ ಮಾತಿನಲ್ಲೂ ಇಲ್ಲ, ಸುವಾರ್ತೆ ಬರೆದವರೇ ಇದನ್ನು ಕಟ್ಟಿದಂತಿದೆ ಎಂದು. ಓರಿಜೆನ್‌ನ ಮಾತೃಭಾಷೆ ಗ್ರೀಕ್. ಬದುಕಿದ್ದು ಅಲೆಕ್ಸಾಂಡ್ರಿಯ ಮತ್ತು ಕೈಸರೈಯದಲ್ಲಿ, ಪುಸ್ತಕಗಳ ನಡುವೆ. ಅವನಿಗೇ ಅಪರಿಚಿತವಾದ ಪದವಿದು.

ಒಮ್ಮೆ ಮಾತ್ರ, ಸಿಕ್ಕೇಬಿಟ್ಟಿತು ಎಂದುಕೊಂಡಿದ್ದರು. ಈಜಿಪ್ಟಿನ ಹವಾರಾದಲ್ಲಿ ಫ್ಲಿಂಡರ್ಸ್ ಪೆಟ್ರಿ ಅಗೆದು ತೆಗೆದ ಪಪೈರಸ್‌ಗಳಲ್ಲಿ (ಜೊಂಡಿನಿಂದ ಮಾಡಿದ ಹಳೆಯ ಕಾಗದದ ಹಾಳೆಗಳಲ್ಲಿ) ಮನೆಖರ್ಚಿನ ಪಟ್ಟಿಯೊಂದಿತ್ತು. ಅದರ ಒಂದು ಸಾಲಿನಲ್ಲಿ ‘ಎಪಿಯೂಸಿ...’ ಎಂದಿದೆ ಎಂದು ಎ. ಎಚ್. ಸೇಸ್ ಓದಿ 1889ರಲ್ಲಿ ಪ್ರಕಟಿಸಿದರು. ಹಾಗಿದ್ದರೆ ಇದು ಕೆಲಸದಾಳಿಗೆ ದಿನಕ್ಕೆ ಅಳೆದುಕೊಡುವ ಪಾಲಿನ ಹೆಸರಾಗಿರಬೇಕೆಂದು ಅನೇಕ ವಿದ್ವಾಂಸರು ನಂಬಿದರು, ನಿಘಂಟುಗಳಲ್ಲೂ ಅದು ಸೇರಿತು. ಅಷ್ಟರಲ್ಲಿ ಆ ಪಪೈರಸ್ ಎಲ್ಲಿದೆಯೆಂಬುದೇ ತಿಳಿಯದೆ ಹೋಯಿತು. ಅದು ಮತ್ತೆ ಸಿಕ್ಕಿದ್ದು 1998ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ತಿರುಗಿ ಓದಿದಾಗ ಅಲ್ಲಿದ್ದದ್ದು ‘ಎಲಾಯೂ’, ಅಂದರೆ ಎಣ್ಣೆ. ನೂರು ವರ್ಷ ಒಂದು ಅರ್ಥವನ್ನು ಹೊತ್ತುಕೊಂಡು ನಿಂತಿದ್ದ ಸಾಕ್ಷಿ ಹಾಗೆ ಕಳಚಿಬಿತ್ತು. ಹಳೆಯ ವ್ಯಾಖ್ಯಾನ ಪುಸ್ತಕಗಳಲ್ಲಿ ‘ಈಜಿಪ್ಟಿನ ಪಪೈರಸ್ ಒಂದರಲ್ಲಿ ಈ ಪದವಿದೆ’ ಎಂಬ ಮಾತು ಕಂಡರೆ ಅದನ್ನು ನಿಮ್ಮ ಪ್ರಸಂಗಕ್ಕೆ ತೆಗೆದುಕೊಳ್ಳಬೇಡಿ. ಪುಸ್ತಕ ಯಾವ ವರ್ಷದ್ದು ಎಂದು ನೋಡುವುದನ್ನು ಈ ಹಂತದಲ್ಲೇ ರೂಢಿ ಮಾಡಿಕೊಳ್ಳಿ.

ಬೇರನ್ನು ಅಗೆಯುವಾಗ

ಬಳಕೆಯಿಂದ ಅರ್ಥ ಸಿಗದಾಗ ಬೇರನ್ನು ನೋಡಲೇಬೇಕು. ಆದರೆ ಎಚ್ಚರ ಬೇಕು. ಕನ್ನಡದ ‘ದಿನಸಿ’ಯನ್ನೇ ತೆಗೆದುಕೊಳ್ಳಿ. ದಿನಬಳಕೆಯ ಸಾಮಾನು, ಆದ್ದರಿಂದ ‘ದಿನ’ದಿಂದ ಹುಟ್ಟಿದ ಪದ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದು ಬಂದದ್ದು ಸಾಮಾನು, ಬಗೆ ಎಂಬ ಅರ್ಥದ ‘ಜಿನಸು’ ಎಂಬ ಪದದಿಂದ, ಅರಬ್ಬಿ ಮೂಲದಿಂದ. ದಿನಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮದೇ ಭಾಷೆಯಲ್ಲಿ ನಾವು ಹೀಗೆ ಎಡವುವುದಾದರೆ ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್‌ನಲ್ಲಿ ಎಷ್ಟು ಎಡವಬಹುದು!

ಎಪಿಯೂಸಿಯೊಸ್ ಅನ್ನು ಎರಡು ಮುಖ್ಯ ದಾರಿಗಳಲ್ಲಿ ಬಿಡಿಸುತ್ತಾರೆ. ‘ಎಪಿ’ ಎರಡರಲ್ಲೂ ಇದೆ. ಅದಕ್ಕೆ ಮೇಲೆ, ಕಡೆಗೆ, ಗಾಗಿ ಎಂಬ ಅರ್ಥಗಳುಂಟು. ಮುಂದಿನ ಭಾಗ ‘ಊಸಿಯ’ ಆಗಿದ್ದರೆ ಅದು ಇರವು, ಸತ್ವ. ಆಗ ‘ಬದುಕಿರಲು ಬೇಕಾದ ರೊಟ್ಟಿ’ ಎನ್ನಬಹುದು, ಅಥವಾ ‘ಎಲ್ಲ ಸತ್ವಗಳಿಗೂ ಮೇಲಾದ ರೊಟ್ಟಿ’ ಎನ್ನಬಹುದು. ಎರಡನೆಯ ದಾರಿಯಲ್ಲಿ ಇದು ‘ಬರು’ ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ‘ಎಪಿಯೂಸ’ ಎಂದರೆ ಬರುವಂಥದ್ದು, ಮುಂದಿನದು. ಆಗ ‘ಬರುವ ದಿನದ ರೊಟ್ಟಿ’ ಎಂದಾಗುತ್ತದೆ.

ಇವೆರಡರಲ್ಲಿ ಯಾವುದು? ಇಲ್ಲಿ ಪದದ ನೆಂಟರನ್ನು ವಿಚಾರಿಸಬೇಕು.

ನೆಂಟರನ್ನು ವಿಚಾರಿಸುವುದು

ಸ್ಟ್ರಾಂಗ್ ಪಟ್ಟಿಯಲ್ಲಿ ಒಂದು ಹೆಜ್ಜೆ ಹಿಂದೆ ಹೋಗಿ 1966 ಒತ್ತಿ. ‘ಎಪಿಯೂಸ’ ಸಿಗುತ್ತದೆ. ಅದು ಬರುವುದು ಅಪೊಸ್ತಲರ ಕೃತ್ಯಗಳಲ್ಲಿ ಮಾತ್ರ, ಐದು ಸಲ: 7:26, 16:11, 20:15, 21:18, 23:11. ಎಲ್ಲ ಕಡೆಯೂ ಅರ್ಥ ಒಂದೇ, ಮರುದಿನ. 23:11ರಲ್ಲಿ ಮಾತ್ರ ಮರುದಿನದ ರಾತ್ರಿ. ಕೃತ್ಯಗಳನ್ನು ಬರೆದವನು ಲೂಕ. ಎಪಿಯೂಸಿಯೊಸ್ ಇರುವ ಎರಡು ಸುವಾರ್ತೆಗಳಲ್ಲಿ ಒಂದು ಅವನದೇ. ನನಗೆ ಈ ಸಾಕ್ಷ್ಯ ಬಹಳ ಭಾರವಾಗಿ ಕಾಣುತ್ತದೆ.

ಈಗ ‘ಊಸಿಯ’ವನ್ನು ಹುಡುಕಿ. ಹೊಸ ಒಡಂಬಡಿಕೆಯಲ್ಲಿ ಅದು ಇರುವುದು ಲೂಕ 15:12 ಮತ್ತು 13ರಲ್ಲಿ ಮಾತ್ರ, ತಪ್ಪಿಹೋದ ಮಗನ ಸಾಮ್ಯದಲ್ಲಿ. ಕಿರಿಯ ಮಗ ದೂರದೇಶದಲ್ಲಿ ಹಾಳುಮಾಡಿದ ಆಸ್ತಿಯೇ ಅಲ್ಲಿನ ಊಸಿಯ. ಅದು ಹೊಲ, ಮನೆ, ಹಣ. ತತ್ತ್ವಜ್ಞಾನಿಗಳ ‘ಸತ್ವ’ ಅಲ್ಲಿಲ್ಲ. ವ್ಯಾಕರಣದ ತೊಡಕೂ ಒಂದಿದೆ: ‘ಎಪಿ’ಯ ಕೊನೆಯ ಇಕಾರ ಸ್ವರದ ಮುಂದೆ ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ಆದ್ದರಿಂದ ಊಸಿಯದಿಂದ ಹುಟ್ಟಿದ್ದರೆ ‘ಎಪೂಸಿಯೊಸ್’ ಆಗಬೇಕಿತ್ತು. ಈ ನಿಯಮಕ್ಕೆ ಅಪವಾದಗಳಿವೆ. ಹಾಗಾಗಿ ಇದೊಂದನ್ನೇ ಹಿಡಿದು ತೀರ್ಪು ಕೊಡಬಾರದು. ಸ್ವತಃ ಓರಿಜೆನ್ ಊಸಿಯದ ಕಡೆಗೇ ಒಲಿದವನು, ತೀತ 2:14ರಲ್ಲಿರುವ ‘ಪೆರಿಯೂಸಿಯೊಸ್’ ಎಂಬ ಪದವನ್ನು ಜೋಡಿಯಾಗಿ ತೋರಿಸಿದವನು.

ಹಾಗೆ ಹೇಳಲು ಬೇರೆ ಪದ ಇರಲಿಲ್ಲವೇ?

ಎಷ್ಟೋ ಜನ ಬಿಟ್ಟುಬಿಡುವ ಪ್ರಶ್ನೆ ಇದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಬರೆದವನು ‘ದಿನದಿನದ’ ಎಂದಷ್ಟೇ ಹೇಳಬೇಕೆಂದಿದ್ದರೆ ಅವನ ಕೈಗೆ ಯಾವ ಪದಗಳು ಎಟುಕುತ್ತಿದ್ದವು? ಯಾಕೋಬ 2:15ರಲ್ಲಿ ದಿನದ ಆಹಾರವಿಲ್ಲದ ಸಹೋದರ ಸಹೋದರಿಯರ ಮಾತು ಬರುತ್ತದೆ, ಅಲ್ಲಿನ ಪದ ‘ಎಫೇಮೆರೊಸ್’. ಕೃತ್ಯಗಳು 6:1ರಲ್ಲಿ ವಿಧವೆಯರಿಗೆ ದಿನಾಲೂ ನಡೆಯುತ್ತಿದ್ದ ಉಪಚಾರಕ್ಕೆ ‘ಕಥೇಮೆರಿನೊಸ್’. ಎರಡೂ ಎಲ್ಲರಿಗೂ ಗೊತ್ತಿದ್ದ ಪದಗಳು, ಎರಡರ ವಿಷಯವೂ ಊಟವೇ. ಅವನ್ನು ಬಿಟ್ಟು ಯಾರಿಗೂ ಗೊತ್ತಿಲ್ಲದ ಪದವನ್ನು ಆರಿಸಿದ್ದಾರೆ. ಲೂಕನಲ್ಲಂತೂ ‘ಪ್ರತಿದಿನವೂ’ ಎಂಬ ಮಾತು ಪಕ್ಕದಲ್ಲೇ ಬೇರೆಯಾಗಿ ಇದೆ. ಎಪಿಯೂಸಿಯೊಸ್‌ಗೂ ಅದೇ ಅರ್ಥ ಕೊಟ್ಟರೆ ಮಾತು ಎರಡು ಸಲ ಹೇಳಿದಂತಾಗುತ್ತದೆ. ನಮ್ಮ ಕೂಟದ ಹುಡುಗಿ ಹಿಡಿದದ್ದು ಇದನ್ನೇ.

ಹಳೆಯ ಅನುವಾದಕರ ಹತ್ತಿರ ಹೋಗಿ

ನಮಗಿಂತ ಮೊದಲು ಈ ಪದದ ಮುಂದೆ ನಿಂತವರು ಏನು ಮಾಡಿದರೆಂದು ಕೇಳುವುದು ಮುಂದಿನ ಹೆಜ್ಜೆ. ಹಳೆಯ ಲ್ಯಾಟಿನ್ ಅನುವಾದಗಳಲ್ಲಿ ‘ದಿನದ’ ಎಂಬ ಅರ್ಥದ ‘ಕೊತಿದಿಯಾನುಮ್’ ಇತ್ತು. ನಾಲ್ಕನೇ ಶತಮಾನದ ಕೊನೆಯಲ್ಲಿ ಜೆರೋಮ್ ಅದನ್ನು ಪರಿಷ್ಕರಿಸಿದಾಗ ಲೂಕನಲ್ಲಿ ಅದನ್ನು ಹಾಗೇ ಬಿಟ್ಟ, ಮತ್ತಾಯನಲ್ಲಿ ಮಾತ್ರ ‘ಸೂಪರ್‌ಸಬ್‌ಸ್ಟಾನ್ಷಿಯಾಲೆಮ್’ ಎಂದು ಬದಲಿಸಿದ, ಅಂದರೆ ಸತ್ವಕ್ಕೂ ಮೇಲಾದ. ಒಬ್ಬನೇ ಅನುವಾದಕ, ಒಂದೇ ಗ್ರೀಕ್ ಪದ, ಎರಡು ಲ್ಯಾಟಿನ್ ಪದ! ಆರಾಧನೆಯಲ್ಲಿ ಜನರ ನಾಲಿಗೆ ಮಾತ್ರ ಹಳೆಯ ‘ದಿನದ ರೊಟ್ಟಿ’ಯನ್ನು ಬಿಡಲಿಲ್ಲ. ಹನ್ನೆರಡನೇ ಶತಮಾನದ ಫ್ರಾನ್ಸಿನಲ್ಲಿ ಅಬೆಲಾರ್ಡ್ ಎಂಬ ಪಂಡಿತ ಒಂದು ಕನ್ಯಾಮಠದ ಪ್ರಾರ್ಥನೆಗೆ ಮತ್ತಾಯನ ಪಾಠವನ್ನೇ ತಂದಾಗ, ಕ್ಲೇರ್ವೊ ಮಠದ ಮುಖ್ಯಸ್ಥ ಬರ್ನಾರ್ಡ್ ಅದಕ್ಕೆ ಆಕ್ಷೇಪಿಸಿದ.

ಅದೇ ಜೆರೋಮ್ ಇನ್ನೊಂದು ಅಮೂಲ್ಯ ಸಂಗತಿ ಬರೆದಿಟ್ಟಿದ್ದಾನೆ. ಇಬ್ರಿಯರ ಸುವಾರ್ತೆ ಎಂದು ಕರೆಯುತ್ತಿದ್ದ ಪುಸ್ತಕವೊಂದರಲ್ಲಿ ಈ ಜಾಗದಲ್ಲಿ ‘ಮಾಹಾರ್’ ಎಂದಿದೆ, ಅಂದರೆ ನಾಳೆಯ ಎಂದು ಅವನು ಹೇಳುತ್ತಾನೆ. ಸಿರಿಯಾಕ್ ಭಾಷೆಯ ಹಳೆಯ ಬೈಬಲ್ ಅನುವಾದವಾದ ಪೆಶಿತ್ತಾದಲ್ಲಿ ‘ನಮಗೆ ಬೇಕಾದ ರೊಟ್ಟಿ’ ಎಂದಿದೆ. ಗ್ರೀಕ್ ಆಡುತ್ತಿದ್ದ ಯೋಹಾನ ಕ್ರಿಸೋಸ್ತೊಮನು ತನ್ನ ಪ್ರಸಂಗದಲ್ಲಿ ಇದನ್ನು ‘ಒಂದು ದಿನಕ್ಕೆ ಸಾಕಾಗುವ ರೊಟ್ಟಿ’ ಎಂದು ಬಿಡಿಸಿದ. ಈ ಉತ್ತರಗಳನ್ನೆಲ್ಲ ನೋಟಿನಲ್ಲಿ ಪಕ್ಕಪಕ್ಕ ಬರೆಯಿರಿ. ಎಲ್ಲವನ್ನೂ ಕಲಸಿ ‘ಈ ಒಂದು ಪದದಲ್ಲಿ ಇಷ್ಟೆಲ್ಲ ಅರ್ಥವಿದೆ’ ಎಂದು ಮಾತ್ರ ಹೇಳಬೇಡಿ. ಒಂದು ವಾಕ್ಯದಲ್ಲಿ ಒಂದು ಪದ ಹೊರುವುದು ಒಂದು ಅರ್ಥವನ್ನು. ಅದು ಯಾವುದೆಂದು ನಾವು ಹುಡುಕುತ್ತಿದ್ದೇವೆ.

ಮತ್ತೆ ಅಧ್ಯಾಯದೊಳಕ್ಕೆ

ಈಗ ಗ್ರೀಕ್ ಬದಿಗಿಟ್ಟು ಮತ್ತಾಯ 6ನ್ನು ಪೂರ್ತಿ ಓದಿ. 34ನೇ ವಚನ ಬಂದ ಕೂಡಲೇ ನೀವು ನಿಲ್ಲುತ್ತೀರಿ. ನಾಳೆಯ ವಿಷಯವಾಗಿ ಚಿಂತೆ ಮಾಡಬೇಡಿರಿ ಎಂದ ಯೇಸು ‘ನಾಳೆಯ ರೊಟ್ಟಿ ಕೊಡು’ ಎಂದು ಕೇಳಲು ಹೇಳಿಕೊಟ್ಟನೇ? ‘ಬರುವ ದಿನ’ದ ಅರ್ಥವನ್ನು ಒಪ್ಪದವರ ಗಟ್ಟಿಯಾದ ವಾದ ಇದು. ಇದನ್ನು ಮುಚ್ಚಿಡಬಾರದು.

ನಾನು ಇದಕ್ಕೆ ಕಂಡುಕೊಂಡ ಉತ್ತರ ದಿನದ ಲೆಕ್ಕದಲ್ಲಿದೆ. ಯೆಹೂದ್ಯರಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಸಂಜೆ ಪ್ರಾರ್ಥಿಸುವವನಿಗೆ ‘ಬರುವ ದಿನ’ ಆಗಲೇ ಬಾಗಿಲಲ್ಲಿದೆ. ಮುಂಜಾನೆ ಪ್ರಾರ್ಥಿಸುವವನಿಗೆ ಅದು ಈಗ ಮುಂದಿರುವ ಹಗಲು. ದೂರದ ನಾಳೆಗಳಿಗೆ ಕಣಜ ತುಂಬಿಸು ಎಂಬ ಬೇಡಿಕೆ ಇಲ್ಲಿಲ್ಲ. ಮುಂದಿನ ಹೆಜ್ಜೆಗೆ ಸಾಕಾಗುವಷ್ಟನ್ನು ಕೇಳಿ ಚಿಂತೆಯನ್ನು ದೇವರಿಗೊಪ್ಪಿಸಿ ಮಲಗುವುದು.

ವಿಮೋಚನಕಾಂಡ 16 ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. ಅರಣ್ಯದಲ್ಲಿ ಮನ್ನ ಬಿದ್ದಾಗ ತಲೆಗೊಂದು ಓಮೆರ್ (ಆ ಕಾಲದ ಒಂದು ಅಳತೆ) ಕೂಡಿಸಿಕೊಳ್ಳಬೇಕು. ಬೆಳಿಗ್ಗೆಗೆಂದು ಉಳಿಸಿಕೊಂಡದ್ದಕ್ಕೆ ಹುಳ ಬಿದ್ದು ನಾತ ಹೊಡೆಯಿತು. ಆದರೆ ಆರನೆಯ ದಿನ ಎರಡು ಓಮೆರ್, ಏಕೆಂದರೆ ಮರುದಿನ ಸಬ್ಬತ್. ಆ ಒಂದು ದಿನ ಮಾತ್ರ ನಾಳೆಯ ಆಹಾರವೂ ಇಂದೇ ಕೈಗೆ ಬರುತ್ತದೆ, ಕೆಡುವುದೂ ಇಲ್ಲ. ‘ಬರುವ ದಿನದ ರೊಟ್ಟಿಯನ್ನು ಇಂದು ಕೊಡು’ ಎಂಬ ಮಾತನ್ನು ಈ ಕಥೆಯ ಪಕ್ಕದಲ್ಲಿಟ್ಟು ಓದಿದಾಗ ನನಗೆ ಅದರಲ್ಲಿ ಸಬ್ಬತ್ತಿನ ನೆಮ್ಮದಿ ಕೇಳಿಸುತ್ತದೆ. ಇದು ನನ್ನ ಓದು, ನಿಮ್ಮ ಸಭಾಪಾಲಕರು ಬೇರೆ ರೀತಿ ಓದಬಹುದು.

ಮತ್ತಾಯ 20ರ ದ್ರಾಕ್ಷೇತೋಟದ ಕೂಲಿಯಾಳುಗಳನ್ನೂ ನೆನೆಯಿರಿ. ಸಂತೆಬೀದಿಯಲ್ಲಿ ಸಂಜೆಯ ತನಕ ಕೆಲಸ ಸಿಗದೆ ನಿಂತವರಿದ್ದರು. ಅವತ್ತಿನ ಕೂಲಿ ಅವತ್ತು ಸಿಗದಿದ್ದರೆ ಮರುದಿನ ಒಲೆ ಹೊತ್ತುವುದಿಲ್ಲ. ಈ ಪ್ರಾರ್ಥನೆ ಮೊದಲು ಇಂಥವರ ಬಾಯಲ್ಲೂ ಇತ್ತು.

ಕೊನೆಗೆ ಕನ್ನಡಕ್ಕೆ ತರುವುದು

ನೀವು ಕಂಡುಕೊಂಡ ಅರ್ಥವನ್ನು ಕನ್ನಡದ ಒಂದು ಸಾಲಿನಲ್ಲಿ ಬರೆದು ಗಟ್ಟಿಯಾಗಿ ಓದಿ. ‘ನಮ್ಮ ಬರುವ ದಿನದ ಆಹಾರವನ್ನು ಇಂದೇ ಕೊಡು’, ‘ಬದುಕಿಗೆ ಬೇಕಾದಷ್ಟು ಆಹಾರವನ್ನು ಇಂದು ಕೊಡು’, ‘ಅನುದಿನದ ಆಹಾರವನ್ನು ಈಹೊತ್ತು ದಯಪಾಲಿಸು’. ಮೂರನ್ನೂ ಹೇಳಿನೋಡಿ. ಮೊದಲನೆಯದು ನನ್ನ ಮಟ್ಟಿಗೆ ಮೂಲಕ್ಕೆ ಹತ್ತಿರ. ಮೂರನೆಯದು ಬಾಯಿಗೆ, ನೆನಪಿಗೆ ಹತ್ತಿರ.

ಹುಡುಕುವಾಗ ನನಗೆ ನಮ್ಮದೇ ಒಂದು ಹಳೆಯ ಪದ ಹೊಳೆಯಿತು, ‘ಪಡಿ’. ಒಬ್ಬರಿಗೆ ಇಷ್ಟೆಂದು ಅಳೆದು ಕೊಡುವ ಅಕ್ಕಿ, ರಾಗಿ. ‘ಪಡಿತರ’ ಚೀಟಿಯಲ್ಲಿ ಅದು ಇನ್ನೂ ಬದುಕಿದೆ. ಜ್ಞಾನೋಕ್ತಿ 30:8ರಲ್ಲಿ ಬಡತನವೂ ಬೇಡ ಐಶ್ವರ್ಯವೂ ಬೇಡ ಎಂದವನು ಕೇಳುವುದು ‘ಲೆಹೆಮ್ ಹುಕ್ಕಿ’, ಅಂದರೆ ನನಗೆ ಗೊತ್ತುಮಾಡಿದ ಪಾಲಿನ ರೊಟ್ಟಿ. ಅದು ಪಡಿಯೇ. ನಮ್ಮಜ್ಜಿ ರಾತ್ರಿ ಮಲಗುವ ಮುಂಚೆ ಬೆಳಗಿನ ಗಂಜಿಗೆ ಒಂದು ಪಾವು ಅಕ್ಕಿ ಅಳೆದು ಮೊರದಲ್ಲಿಟ್ಟು, ಆಮೇಲೆ ಈ ಪ್ರಾರ್ಥನೆ ಹೇಳುತ್ತಿದ್ದರು. ಅಕ್ಕಿ ಇಲ್ಲದ ರಾತ್ರಿಯೂ ಮೊರ ಹೊರಗೆ ಬರುತ್ತಿತ್ತು. ಎಪಿಯೂಸಿಯೊಸ್ ಎಂಬ ಪದ ಓದಿದಾಗಲೆಲ್ಲ ನನಗೆ ಕಾಣುವುದು ಆ ಮೊರ.

ಪ್ರಸಂಗ ಮಾಡುವವರಿಗೆ, ಕೂಟ ನಡೆಸುವವರಿಗೆ ಎರಡು ಮಾತು. ‘ನಿಮ್ಮ ಕನ್ನಡ ಸತ್ಯವೇದ ತಪ್ಪು, ಗ್ರೀಕ್‌ನಲ್ಲಿ ಬೇರೆ ಇದೆ’ ಎಂದು ಎಂದೂ ಹೇಳಬೇಡಿ. ‘ಅನುದಿನ’ ತಪ್ಪಲ್ಲ, ಅದರ ಹಿಂದೆ ಕ್ರಿಸೋಸ್ತೊಮನ ಓದಿದೆ, ಹಳೆಯ ಲ್ಯಾಟಿನ್ ಸಭೆಗಳ ಬಾಯಿಪಾಠವಿದೆ. ಇನ್ನೊಂದು: ವಿದ್ವಾಂಸರು ಒಮ್ಮತಕ್ಕೆ ಬಾರದ ಕಡೆ ‘ಇದರ ನಿಜವಾದ ಅರ್ಥ ಇದೇ’ ಎಂದು ಘೋಷಿಸಬೇಡಿ. ‘ನನಗೆ ಇದು ಹೆಚ್ಚು ಸರಿ ಅನ್ನಿಸುತ್ತದೆ, ಕಾರಣ ಇದು’ ಎಂದರೆ ಕೇಳುವವರೂ ಪುಟ ತಿರುಗಿಸಿ ನೋಡುತ್ತಾರೆ.

ಇದೇ ಕ್ರಮದಲ್ಲಿ ಇನ್ನೊಂದು ಪದವನ್ನು ಹಿಡಿಯಬೇಕೆನ್ನುವವರಿಗೆ ‘ಪಾರಾಕ್ಲೇತೊಸ್’ ಒಳ್ಳೆಯದು, ಸಂಖ್ಯೆ 3875. ಐದೇ ಕಡೆ ಬರುತ್ತದೆ: ಯೋಹಾನ 14:16, 14:26, 15:26, 16:7, ಮತ್ತು 1 ಯೋಹಾನ 2:1. ಸುವಾರ್ತೆಯ ನಾಲ್ಕು ಕಡೆ ಅದು ಪವಿತ್ರಾತ್ಮನ ಹೆಸರು, ಪತ್ರಿಕೆಯಲ್ಲಿ ಯೇಸುವಿನದು. ನಿಮ್ಮ ಕನ್ನಡ ಅನುವಾದ ಐದೂ ಕಡೆ ಒಂದೇ ಪದ ಇಟ್ಟಿದೆಯೇ ಎಂದು ನೋಡುವುದರಿಂದ ಶುರುಮಾಡಿ.